ಸತ್ತವರ ತೆರಿಗೆ ರಿಟರ್ನ್‌: ಫಾರ್ವರ್ಡ್ ಹೇಳೋದು, ನಿಯಮ ಹೇಳೋದು

'ವ್ಯಕ್ತಿ ತೀರಿಕೊಂಡರೆ ಪ್ಯಾನ್ ತಾನಾಗೇ ರದ್ದಾಗುತ್ತೆ, ರಿಟರ್ನ್‌ ಹಾಕೋದೇ ಬೇಡ' ಅಂತ ಒಂದು ಮೆಸೇಜ್ ಓಡಾಡ್ತಿದೆ. ಅದು ಸುಳ್ಳು.

ಅಪ್ಪ ಆಗಸ್ಟ್ 10ಕ್ಕೆ ತೀರಿಕೊಂಡರು ಅಂದುಕೊಳ್ಳಿ. ಏಪ್ರಿಲ್ 1ರಿಂದ ಅವತ್ತಿನವರೆಗೆ ಬಂದ ಪಿಂಚಣಿ, ಬ್ಯಾಂಕ್ ಬಡ್ಡಿ ಎಲ್ಲಾ ಅವರದೇ ಆದಾಯ. ಅದು ತೆರಿಗೆ ಮಿತಿ ದಾಟಿದ್ದರೆ ಅವರದೇ ಪ್ಯಾನ್‌ನಲ್ಲಿ ರಿಟರ್ನ್‌ ಹಾಕಬೇಕು. ಆಮೇಲೆ ಬರೋ ಬಡ್ಡಿ ಅವರ ಲೆಕ್ಕಕ್ಕೆ ಸೇರಲ್ಲ.

ಸಹಿ ಯಾರದು? ವಾರಸುದಾರರದು. ಸುಮ್ನೆ ಅಪ್ಪನ ಫೋನ್‌ಗೆ ಬರೋ ಓಟಿಪಿ ಒತ್ತಿ ಮುಗಿಸೋದು ಸುಲಭ ಅನ್ನಿಸುತ್ತೆ, ಕೆಲವರು ಮಾಡೋದೂ ಅದನ್ನೇ, ಆದರೆ ಸತ್ತವರು ಸಹಿ ಹಾಕಿದ ಹಾಗಾಯ್ತು ಅಲ್ವಾ? ಇ-ಫೈಲಿಂಗ್ ಪೋರ್ಟಲ್‌ಗೆ ನಿಮ್ಮ ಪ್ಯಾನ್‌ನಿಂದ ಲಾಗಿನ್ ಆಗಿ, ಮೃತರ ಪ್ರತಿನಿಧಿಯಾಗಿ ನೋಂದಾಯಿಸಿಕೊಳ್ಳಿ. ಮರಣ ಪ್ರಮಾಣಪತ್ರ, ಇಬ್ಬರ ಪ್ಯಾನ್ ಪ್ರತಿ, ವಾರಸುದಾರಿಕೆಯ ದಾಖಲೆ ಬೇಕು. ಒಪ್ಪಿಗೆ ಸಿಕ್ಕ ಮೇಲೆ ರಿಟರ್ನ್‌ ಹಾಕಿ. ಪ್ಯಾನ್ ವಾಪಸ್ ಕೊಡೋಕೆ ಅವಸರ ಬೇಡ, ರೀಫಂಡ್ ಬಾಕಿ ಇದ್ದರಂತೂ ಬೇಡವೇ ಬೇಡ.

'ಬಾಕಿ ತೆರಿಗೆಗೆ ಮಕ್ಕಳ ಮನೆ ಹೋಗುತ್ತೆ' ಅನ್ನೋದೂ ಸುಳ್ಳೇ. ಆದಾಯ ತೆರಿಗೆ ಕಾನೂನಿನ ಪ್ರಕಾರ ವಾರಸುದಾರರ ಹೊಣೆ ಮೃತರು ಬಿಟ್ಟುಹೋದ ಆಸ್ತಿಯ ಮಟ್ಟಿಗೆ. ಆದರೆ ತೆರಿಗೆ ಕಟ್ಟೋ ಮೊದಲೇ ಆ ಆಸ್ತಿ ಮಾರಿದರೆ, ಆ ಮೌಲ್ಯದಷ್ಟು ನಿಮ್ಮ ತಲೆ ಮೇಲೇ ಬರುತ್ತೆ.