ಮೊದಲು ನಾಲ್ಕು ಮಂದಿ ಸೇರಲಿ, ವ್ಯಾಯಾಮ ಆಮೇಲೆ

ಒಂದು ವರ್ಷದ ಫೀಸು ಒಮ್ಮೆಲೇ ಕಟ್ಟಿ, ಹೊಸ ಶೂ ತಗೊಂಡು, ಎರಡನೇ ತಿಂಗಳಿಗೆ ಜಿಮ್ ಕಡೆ ತಲೆ ಹಾಕದವರನ್ನು ಎಲ್ಲರೂ ಸೋಮಾರಿ ಅಂತಾರೆ. ನಾನು ಅನ್ನುವುದಿಲ್ಲ. ಅಲ್ಲಿ ಅವರಿಗಾಗಿ ಕಾಯುವವರು ಯಾರೂ ಇರಲಿಲ್ಲ, ಅಷ್ಟೇ. ಹೋಗದಿದ್ದರೆ ಯಾಕೆ ಬರಲಿಲ್ಲ ಅಂತ ಕೇಳುವವರಿಲ್ಲ. ದುಡ್ಡಂತೂ ಮೊದಲೇ ಕೈಸೇರಿದೆ, ಕೇಳಲಿ ಯಾಕೆ? ಕಿವಿಗೆ ಹಾಡು ಸಿಕ್ಕಿಸಿಕೊಂಡು, ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡುತ್ತಾ ಟ್ರೆಡ್‌ಮಿಲ್ ಮೇಲೆ ಎಷ್ಟು ದಿನ ಅಂತ ಓಡೋದು? ಅದನ್ನೂ ಖುಷಿಯಿಂದ ಮಾಡುವವರಿದ್ದಾರೆ. ಅವರಿಗೆ ದೊಡ್ಡ ನಮಸ್ಕಾರ. ಈ ಬರಹ ಉಳಿದವರಿಗೆ.

ನನ್ನ ಮಾತು ಇಷ್ಟೇ. ಯಾವ ವ್ಯಾಯಾಮ ಒಳ್ಳೆಯದು ಅಂತ ಯೂಟ್ಯೂಬ್‌ನಲ್ಲಿ ಹುಡುಕೋದು ಆಮೇಲೆ. ಮೊದಲು ಜೊತೆಗೆ ಬರುವ ನಾಲ್ಕು ಮಂದಿಯನ್ನು ಹುಡುಕಿ.

ಸಾಕ್ಷಿ ಬೇಕಾದರೆ ದಸರಾ, ಸೀಗಿ ಹುಣ್ಣಿಮೆ ಹೊತ್ತಿಗೆ ಕಲಬುರಗಿಯಿಂದ ಆಳಂದಕ್ಕೆ ಹೋಗುವ ರಸ್ತೆಯಲ್ಲಿ ಒಂದು ಗಂಟೆ ನಿಂತು ನೋಡಿ. ತುಳಜಾಪುರದ ಅಂಬಾಭವಾನಿ ದರ್ಶನಕ್ಕೆ ಹೊರಟವರ ಸಾಲು. ಇಲ್ಲಿಂದ ನೂರು ಕಿಲೋಮೀಟರ್‌ಗೂ ಜಾಸ್ತಿ ದೂರ. ಎಷ್ಟೋ ಮಂದಿ ಬರಿಗಾಲಲ್ಲಿ ನಡೀತಾರೆ. ನಮ್ಮ ಓಣಿಯಲ್ಲಿ ಒಬ್ಬರು ಕಾಕು ಇದ್ದಾರೆ. ಸೂಪರ್ ಮಾರ್ಕೆಟ್‌ನಿಂದ ಕಾಯಿಪಲ್ಲೆ ತರಬೇಕಾದರೂ ಅವರಿಗೆ ಆಟೋ ಬೇಕು. ಮೊಣಕಾಲು ನೋವು ಅಂತ ಮಾಳಿಗೆ ಹತ್ತೋದನ್ನೇ ಬಿಟ್ಟಿದ್ದಾರೆ. ಅದೇ ಕಾಕು ತಮ್ಮ ಗುಂಪು ಕಟ್ಟಿಕೊಂಡು ತುಳಜಾಪುರಕ್ಕೆ ನಡೆದೇ ಹೋಗುತ್ತಾರೆ. ರಾತ್ರಿ ಯಾವುದೋ ಊರಿನ ಗುಡಿಯಲ್ಲಿ ಮಲಗುವ ಮುಂಚೆ ಒಬ್ಬರ ಕಾಲಿಗೆ ಒಬ್ಬರು ಎಣ್ಣೆ ತಿಕ್ಕುತ್ತಾರಂತೆ. ಬೊಬ್ಬೆ ಎದ್ದ ಬೆರಳಿಗೆ ಹಳೇ ಸೀರೆಯ ಚಿಂದಿ ಸುತ್ತಿಕೊಳ್ಳುತ್ತಾರಂತೆ. ಬೆಳಿಗ್ಗೆ ಯಾರು ಮೊದಲು ಕುಂಟುತ್ತಾ ಎದ್ದರೋ ಅವರನ್ನು ನೋಡಿ ಉಳಿದವರೆಲ್ಲ ನಗುತ್ತಾರಂತೆ.

"ಕಾಲು ನೋಯಲ್ಲೇನ್ರಿ ಕಾಕು?" ಅಂತ ಕೇಳಿದೆ.

"ನೋಯ್ತಾವಲ್ಲವ್ವಾ. ಎಲ್ಲರ್ದೂ ನೋಯ್ತಾವ. ಅದಕ್ಕ ಗೊತ್ತಾಗಂಗಿಲ್ಲ."

"ಮತ್ತ ಒಬ್ಬರೇ ಹೋಗ್ತೀರೇನು?"

"ಒಬ್ಬಾಕಿನಾ? ಹುಚ್ಚ ಹಿಡದದೇನ ನಿನಗ?"

ದೇವಿ ಕರೆಸಿಕೊಳ್ಳುತ್ತಾಳೆ ಅಂತ ಕಾಕು ಹೇಳುತ್ತಾರೆ. ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಆ ಗುಂಪು ಇಲ್ಲದಿದ್ದರೆ ಕಾಕು ಆಳಂದ ನಾಕಾ ಕೂಡ ದಾಟುತ್ತಿರಲಿಲ್ಲ ಅನ್ನೋದು ನನಗೆ ಗ್ಯಾರಂಟಿ.

ಎಲ್ಲರದ್ದೂ ನೋಯುತ್ತೆ, ಅದಕ್ಕೇ ಗೊತ್ತಾಗಲ್ಲ ಅನ್ನುವ ಕಾಕು ಮಾತನ್ನು ವಿಜ್ಞಾನಿಗಳೂ ಪರೀಕ್ಷೆ ಮಾಡಿ ನೋಡಿದ್ದಾರೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿ ಹುಟ್ಟು ಹಾಕುವ ಹುಡುಗರನ್ನು ಒಮ್ಮೆ ಒಬ್ಬೊಬ್ಬರಾಗಿ, ಇನ್ನೊಮ್ಮೆ ತಂಡವಾಗಿ ಯಂತ್ರದ ಮೇಲೆ ಹುಟ್ಟು ಹಾಕಿಸಿದರು. ಮಾಡಿದ ಕೆಲಸ ಒಂದೇ. ಆಮೇಲೆ ತೋಳಿಗೆ ಬಿಪಿ ನೋಡುವ ಪಟ್ಟಿ ಕಟ್ಟಿ, ನೋವಾಗುತ್ತಿದೆ ಅನ್ನುವವರೆಗೆ ಗಾಳಿ ತುಂಬಿದರು. ತಂಡವಾಗಿ ಆಡಿದ ದಿನ ಹುಡುಗರು ಜಾಸ್ತಿ ನೋವು ತಡೆದರು. ಜೊತೆಯಾಗಿ ಮೈ ದಣಿಸಿದಾಗ ಮೆದುಳಿನಲ್ಲಿ ನೋವು ತಗ್ಗಿಸುವ ಎಂಡಾರ್ಫಿನ್ ಅನ್ನುವ ರಾಸಾಯನಿಕ ಹೆಚ್ಚು ಹುಟ್ಟುತ್ತದೆ, ಅದೇ ಕಾರಣ ಇರಬೇಕು ಅಂತ ಅವರ ಲೆಕ್ಕಾಚಾರ. ಬೆರಳೆಣಿಕೆಯ ಹುಡುಗರ ಮೇಲೆ ಮಾಡಿದ ಸಣ್ಣ ಪರೀಕ್ಷೆ, ಅದನ್ನೇ ವೇದವಾಕ್ಯ ಮಾಡ್ಕೊಳ್ಳೋದು ಬೇಡ. ಕಾಕುಗೆ ಇದನ್ನು ಹೇಳಿದಾಗ "ಅಷ್ಟಕ್ಕ ಪಟ್ಟಿ ಯಾಕ ಕಟ್ಟಬೇಕಿತ್ತು?" ಅಂದರು.

ಈಗ ಸ್ವಲ್ಪ ಅಂಕಿ ಅಂಶ. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ 2024ರಲ್ಲಿ ಒಂದು ದೊಡ್ಡ ವರದಿ ಬಂತು. 2022ರ ಹೊತ್ತಿಗೆ ನಮ್ಮ ದೇಶದ ದೊಡ್ಡವರಲ್ಲಿ ಹೆಚ್ಚುಕಮ್ಮಿ ಅರ್ಧ ಮಂದಿ ಬೇಕಾದಷ್ಟು ಮೈ ಆಡಿಸುತ್ತಿಲ್ಲ ಅಂತ ಅದು ಹೇಳುತ್ತದೆ. ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57. ಬೇಕಾದಷ್ಟು ಅಂದರೆ ಏನು ಭಾರೀ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಉಸಿರು ಸ್ವಲ್ಪ ಜೋರಾಗುವಷ್ಟು ಕೆಲಸ. ಅಷ್ಟು ಜೋರಾಯಿತೋ ಇಲ್ಲವೋ ಅಂತ ನೋಡೋಕೆ ವಾಚು ಬೇಕಿಲ್ಲ. ನಡೆಯುತ್ತಾ ಮಾತಾಡೋಕೆ ಆಗಬೇಕು, ಹಾಡು ಹೇಳೋಕೆ ಆಗಬಾರದು. ಇದು ಡಾಕ್ಟರುಗಳೇ ಹೇಳುವ ಪರೀಕ್ಷೆ. ಒಬ್ಬರೇ ನಡೆದರೆ ಈ ಪರೀಕ್ಷೆ ಮಾಡೋದು ಹೇಗೆ? ಮಾತಾಡೋಕಾದರೂ ಇನ್ನೊಬ್ಬರು ಬೇಕಲ್ವಾ?

ಹೆಂಗಸರ ಆ 57ರ ಹತ್ತಿರ ನಾನು ನಿಲ್ಲಬೇಕು. ಇದನ್ನು ಹೇಳಿದ ಕೂಡಲೇ ಒಬ್ಬರಾದರೂ ಕೇಳುತ್ತಾರೆ, ಮನೆಗೆಲಸ ಮಾಡೋದು ವ್ಯಾಯಾಮ ಅಲ್ವಾ ಅಂತ. ಹೌದು, ಉಸಿರು ಏರುವಂಥ ಮನೆಗೆಲಸವೂ ಲೆಕ್ಕಕ್ಕೆ ಬರುತ್ತದೆ. ನೀರು ಹೊರುವುದು, ಅರಿವೆ ಒಗೆಯುವುದು, ಹಿಟ್ಟು ನಾದಿ ರೊಟ್ಟಿ ಬಡಿಯುವುದು, ಎಲ್ಲವೂ ಮೈಗೆ ಕೆಲಸವೇ. ಆದರೆ ಪೇಟೆಯ ಮನೆಗಳಲ್ಲಿ ಈಗ ನಲ್ಲಿ ಇದೆ, ವಾಷಿಂಗ್ ಮಷಿನ್ ಇದೆ. ಜೋಳದ ರೊಟ್ಟಿ ಅಂಗಡಿಯಲ್ಲೇ ಸಿಗುತ್ತೆ. ದಣಿವು ಹಾಗೇ ಉಳಿದಿದೆ, ಓಡಾಟ ಮಾತ್ರ ಕಡಿಮೆಯಾಗಿದೆ. ಇನ್ನೊಂದು ವಿಷಯ. ಗುಡಿಗೆ ಹೋಗ್ತೀನಿ ಅಂದರೆ ಮನೆಯಲ್ಲಿ ಯಾರೂ ಏನೂ ಕೇಳಲ್ಲ. ಆಡೋಕೆ ಹೋಗ್ತೀನಿ ಅಂದು ನೋಡಿ. ಟಿವಿ ನೋಡುತ್ತಿದ್ದವರೂ ತಿರುಗಿ ನೋಡುತ್ತಾರೆ.

ನಾವು ಆಡುವುದು ಬ್ಯಾಡ್ಮಿಂಟನ್. ನಮ್ಮ ಲೇಔಟಿನಲ್ಲಿ ಯಾರದೋ ಖಾಲಿ ಸೈಟಿದೆ. ಅದರ ಮಾಲೀಕರು ಮನೆ ಕಟ್ಟುವವರೆಗೆ ಅದೇ ನಮ್ಮ ಸ್ಟೇಡಿಯಂ. ಎರಡು ಬೊಂಬು, ನಡುವೆ ಒಂದು ನೆಟ್ಟು. ಟೇಲರಿಂಗ್ ಮಾಡುವ ವೈನಿ, ಎದುರು ಮನೆಯ ಆಪಾ, ಆಪಾನ ಪಿಯುಸಿ ಓದುವ ಮಗಳು, ಒಬ್ಬರು ನರ್ಸ್ ಅಕ್ಕ, ಮತ್ತೆ ನಾನು. ಕಲಬುರಗಿ ಗಾಳಿಗೆ ಗರಿ ಶಟಲ್ ನಿಲ್ಲುವುದಿಲ್ಲ, ಪಕ್ಕದ ಮನೆ ಮಾಳಿಗೆಗೆ ಹೋಗಿ ಕೂರುತ್ತದೆ. ಅದಕ್ಕೆ ಪ್ಲಾಸ್ಟಿಕ್ ಶಟಲ್. ವೈನಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರೆ ಜಾಗ ಬಿಟ್ಟು ಒಂದು ಹೆಜ್ಜೆ ಕದಲುವುದಿಲ್ಲ. ಆದರೆ ಶಟಲ್ಲನ್ನು ನೆಟ್ಟಿನ ಅಂಚಿಗೆ ತಾಗಿಸಿ ಈ ಕಡೆ ಮೆತ್ತಗೆ ಬೀಳಿಸುತ್ತಾರೆ. ಓಡಿ ಓಡಿ ಸಾಯುವವರು ನಾವು. ಇಪ್ಪತ್ತು ವರ್ಷ ಸೂಜಿಗೆ ದಾರ ಪೋಣಿಸಿದ ಕೈ ಅದು! ಸ್ಕೋರಿನ ಜಗಳ ಅರ್ಧ ಕನ್ನಡದಲ್ಲಿ, ಅರ್ಧ ದಖ್ಖನಿಯಲ್ಲಿ ನಡೆಯುತ್ತದೆ. ಆಪಾ ಪಾಯಿಂಟು ಎಣಿಸಿದರೆ ಆಪಾನ ತಂಡಕ್ಕೆ ಯಾವಾಗಲೂ ಎರಡು ಜಾಸ್ತಿ.

ಒಂದು ದಿನ ನನಗೆ ಏಳೋಕೆ ಮನಸ್ಸಾಗಲಿಲ್ಲ. ಫೋನ್ ಸೈಲೆಂಟ್ ಮಾಡಿ ಮಲಗಿದ್ದೆ. ಕಿಟಕಿ ಹತ್ತಿರ ವೈನಿ ದನಿ: "ನೀ ಬರ್ಲಿಲ್ಲಂದ್ರ ಇವತ್ತ ನಾವು ಮೂರ ಮಂದಿ ಆಗ್ತೀವಿ. ಮೂರನೇದಾಕಿ ಗ್ವಾಡಿ ಕೂಡ ಆಡ್ಬೇಕೇನು?" ಎದ್ದು ಹೋದೆ. ಜಗತ್ತಿನ ಯಾವ ಆ್ಯಪ್‌ಗೂ ಈ ತಾಕತ್ತಿಲ್ಲ.

ತೂಕ ಇಳಿಯಿತಾ ಅಂತ ಕೇಳಬೇಡಿ. ಆಟ ಮುಗಿದ ಮೇಲೆ ಭಾನುವಾರ ಸುಸಲಾ, ಮಿರ್ಚಿ ಭಜಿ ಇದ್ದೇ ಇರುತ್ತದೆ, ಇನ್ನೆಲ್ಲಿ ಇಳಿಯುತ್ತೆ? ಆದರೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ಆಫೀಸಿನ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಫೋನ್ ನೋಡುವ ನಾಟಕ ಮಾಡಬೇಕಿಲ್ಲ. ನನಗೆ ಅಷ್ಟು ಸಾಕು. ತೂಕದ ಕಾಟಾ ಒಂದನ್ನೇ ನಂಬಿಕೊಂಡವರು ಬೇಗ ಬೇಜಾರಾಗಿ ಬಿಟ್ಟುಬಿಡುತ್ತಾರೆ. ಇದು ನಾನು ನಮ್ಮ ಓಣಿಯಲ್ಲೇ ಕಂಡಿದ್ದು.

ಬ್ಯಾಡ್ಮಿಂಟನ್ನೇ ಆಗಬೇಕು ಅಂತೇನಿಲ್ಲ. ನಾಗರಪಂಚಮಿಯಲ್ಲಿ ಹುಡುಗಿಯರು ಫುಗಡಿ ಆಡುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಇಬ್ಬರು ಎದುರುಬದುರು ನಿಂತು, ಕೈ ಅಡ್ಡ ಹಾಕಿ ಬಿಗಿಯಾಗಿ ಹಿಡಿಯುತ್ತಾರೆ. ಪಾದಗಳು ಹತ್ತಿರ, ಮೈ ಪೂರ್ತಿ ಹಿಂದಕ್ಕೆ. ಆಮೇಲೆ ಗಿರಗಿರ. ಮುಂಗೈ, ತೋಳು, ಬೆನ್ನು, ಹೊಟ್ಟೆ, ತೊಡೆ, ಎಲ್ಲಕ್ಕೂ ಒಟ್ಟಿಗೆ ಕೆಲಸ. ಹಿಡಿತ ಸ್ವಲ್ಪ ಸಡಿಲಾದರೆ ಇಬ್ಬರೂ ನೆಲಕ್ಕೆ. ಎದುರಿನವಳ ಭಾರ ನಿನ್ನ ಕೈಯಲ್ಲಿ, ನಿನ್ನ ಭಾರ ಅವಳ ಕೈಯಲ್ಲಿ. ಜಿಮ್‌ನವರು ಇದಕ್ಕೊಂದು ಇಂಗ್ಲಿಷ್ ಹೆಸರಿಟ್ಟು ಕಲಿಸಿದರೆ ನಾವೇ ದುಡ್ಡು ಕೊಟ್ಟು ಸೇರುತ್ತೇವೆ. ಕಳೆದ ಪಂಚಮಿಗೆ ನಮ್ಮ ಗುಂಪು ಜೋಕಾಲಿ ಆದಮೇಲೆ ಫುಗಡಿಗೂ ಕೈ ಹಾಕಿತು. ನರ್ಸ್ ಅಕ್ಕ ನಾಲ್ಕು ಸುತ್ತಿಗೇ ಕೂತು, ತಲೆ ಹಿಡಿದುಕೊಂಡು ಎಲ್ಲರಿಗಿಂತ ಜಾಸ್ತಿ ನಕ್ಕರು. ಮೊಣಕಾಲು, ಸೊಂಟದ ತೊಂದರೆ ಇರುವವರು, ತಲೆ ಸುತ್ತುವವರು ಮಾತ್ರ ಇದರ ತಂಟೆಗೆ ಹೋಗಬೇಡಿ. ಚಪ್ಪಾಳೆ ಹೊಡೆದು ಹಾಡು ಹೇಳುವವರೂ ಬೇಕಲ್ಲ.

ಗಂಡಸರಿಗೆ ನಾನು ಹೇಳಿಕೊಡಬೇಕಿಲ್ಲ. ವಾಲಿಬಾಲ್ ಇದೆ, ಟೆನಿಸ್ ಬಾಲ್ ಕ್ರಿಕೆಟ್ ಇದೆ, ಹಳ್ಳಿಗಳಲ್ಲಿ ಕಬಡ್ಡಿ ಇದೆ, ಜಾತ್ರೆಯಲ್ಲಿ ಕಲ್ಲು ಎತ್ತುವ ಪಂದ್ಯ ಇದೆ. ಮದುವೆಯಾಗಿ ನೌಕರಿ ಸಿಕ್ಕ ಮೇಲೆ ಅವರೂ ಎಲ್ಲ ಬಿಟ್ಟು ಚಹಾದಂಗಡಿ ಮುಂದೆ ನಿಂತುಬಿಡುತ್ತಾರೆ. ಅದೇ ನಾಲ್ಕು ಗೆಳೆಯರು, ಅದೇ ಹರಟೆ. ನಿಂತು ಹೊಡೆಯುವ ಹರಟೆಯನ್ನು ನಡೆಯುತ್ತಾ ಹೊಡೆದರೆ ಆಗಿಹೋಯಿತು.

ಅದಕ್ಕೆ ನಮ್ಮ ಊರಲ್ಲಿ ಜಾಗ ಇಲ್ಲ ಅನ್ನಬೇಡಿ. ಶರಣಬಸವೇಶ್ವರ ಕೆರೆ ಇದೆ, ಎಲ್ಲರ ಬಾಯಲ್ಲಿ ಅದು ಅಪ್ಪನ ಕೆರೆ. ಪಬ್ಲಿಕ್ ಗಾರ್ಡನ್ ಇದೆ. ಕೋಟೆ ಇದೆ. ರಜೆಯಲ್ಲಿ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಿ. ಫಿರಂಗಿ ಎಷ್ಟು ಹೆಜ್ಜೆ ಉದ್ದ ಇದೆ ಅಂತ ಅಳೆಯೋಕೆ ಬಿಟ್ಟರೆ ಓಡಾಟ ತಾನಾಗಿ ಆಗುತ್ತದೆ. ಬಿಸಿಲೇರಿದರೆ ಒಳಗೆ 1367ರ ಜಾಮಿ ಮಸೀದಿ ಇದೆ. ನಡುವೆ ಬಯಲು ಅಂಗಳ ಬಿಡದೆ ಪೂರ್ತಿ ಚಾವಣಿ ಹಾಕಿ ಕಟ್ಟಿದ ಮಸೀದಿ ಅದು. ಆ ಕಮಾನುಗಳ ಸಾಲಿನ ತಂಪು ನಮ್ಮ ಮನೆಯ ಕೂಲರಿಗೂ ಬರಲ್ಲ. ಸೈಕಲ್ ಇರುವವರು ಸೇಡಂ ರಸ್ತೆ ಹಿಡಿದು ಬುದ್ಧ ವಿಹಾರದವರೆಗೆ ಹೋಗಿ ಬರಬಹುದು. ಆದರೆ ಲಾರಿಗಳ ಭಯ, ಬೆಳಿಗ್ಗೆ ಬೇಗ ಹೊರಡಿ.

ಬೇಗ ಅನ್ನೋದು ಎಲ್ಲಕ್ಕೂ ಅನ್ವಯ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಏರುತ್ತದೆ. ಬೆಂಗಳೂರಿನವರು ಹೇಳಿದಂತೆ ಸಂಜೆ ಐದಕ್ಕೆ ವಾಕಿಂಗ್ ಹೊರಟರೆ ಡಾಂಬರಿನ ಕಾವು ಮುಖಕ್ಕೆ ಹೊಡೆಯುತ್ತದೆ. ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮೊದಲೇ ಶುರುವಾಗಬೇಕು, ಬಿಸಿಲು ಚುರುಕಾಗುವ ಮೊದಲು ಮನೆ ಸೇರಬೇಕು. ನೀರು, ಮಜ್ಜಿಗೆ ಜೊತೆಗಿರಲಿ. ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತಗೊಳ್ಳುವವರು ಜೇಬಿನಲ್ಲಿ ಬೆಲ್ಲವೋ ಸಕ್ಕರೆಯೋ ಇಟ್ಟುಕೊಳ್ಳಿ. ಎದೆ ನೋವು, ಬಿಪಿ ಇದ್ದವರು ಡಾಕ್ಟರನ್ನು ಕೇಳದೆ ಜೋರಾಟಕ್ಕೆ ಇಳಿಯಬೇಡಿ. ಗುಂಪಿನಲ್ಲಿದ್ದರೆ ಇನ್ನೊಂದು ಲಾಭ. ಒಬ್ಬರ ಮುಖ ಬಾಡಿದ್ದು ಇನ್ನೊಬ್ಬರಿಗೆ ತಕ್ಷಣ ಕಾಣುತ್ತದೆ.

ಗುಂಪು ಒಡೆಯುವುದು ಯಾವಾಗ ಅಂತಲೂ ಹೇಳಿಬಿಡುತ್ತೇನೆ. ಒಬ್ಬರು ಕೋಚ್ ಆಗಿಬಿಟ್ಟಾಗ. ಇಲ್ಲವೇ ವಾಟ್ಸಾಪಿನಲ್ಲಿ ಯಾರ ಹೆಜ್ಜೆ ಎಷ್ಟು ಅಂತ ಫೋಟೋ ಹಾಕೋದು ಶುರುವಾದಾಗ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅನ್ನೋದು ಡಾಕ್ಟರು ಹುಟ್ಟುಹಾಕಿದ ಲೆಕ್ಕ ಅಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಅದಕ್ಕಿಟ್ಟ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ, ಅಲ್ಲಿಂದ ಆ ಸಂಖ್ಯೆ ಪ್ರಪಂಚಕ್ಕೆಲ್ಲ ಹಬ್ಬಿತು. ಅದಕ್ಕಿಂತ ಕಡಿಮೆ ನಡೆದರೂ ಮೈಗೆ ಒಳ್ಳೆಯದೇ ಆಗುತ್ತದೆ. ಸುಮ್ನೆ ಆ ಸಂಖ್ಯೆಗೋಸ್ಕರ ರಾತ್ರಿ ಹನ್ನೊಂದಕ್ಕೆ ಹಾಲ್‌ನಲ್ಲಿ ಗಾಣದೆತ್ತಿನಂತೆ ಸುತ್ತೋದು ಯಾವ ಸುಖಕ್ಕೆ?

ನಮ್ಮದು ಒಂದು ಭಿಸಿ ಇದೆ, ತಿಂಗಳಿಗೊಮ್ಮೆ ಚೀಟಿ ಎತ್ತುವುದು. ಮೊದಲು ಯಾರದಾದರೂ ಮನೆಯ ಸೋಫಾದಲ್ಲಿ ಕೂತು, ಚೂಡಾ ತಿಂದು, ಚೀಟಿ ಎತ್ತಿ ಏಳುತ್ತಿದ್ದೆವು. ಈಗ ಅಪ್ಪನ ಕೆರೆ ಸುತ್ತು ಹಾಕಿದ ಮೇಲೇ ಚೀಟಿ. ಸುತ್ತು ಹಾಕದವರ ಹೆಸರು ಡಬ್ಬಿಯೊಳಗೆ ಬೀಳೋದೇ ಇಲ್ಲ. ದುಡ್ಡಿನ ವಿಷಯ ಅಂದ ಮೇಲೆ ಯಾರೂ ತಪ್ಪಿಸುವುದಿಲ್ಲ. ನಿಮ್ಮ ಭಿಸಿಯಲ್ಲೂ ಮಾಡಿ ನೋಡಿ.

ಜವಾಬ್ದಾರಿ ಇರುವವರಿಗೆ ಒಂದೇ ಬೇಡಿಕೆ. ದೊಡ್ಡ ಸ್ಟೇಡಿಯಂ ನಾವು ಕೇಳುತ್ತಿಲ್ಲ. ಬಡಾವಣೆಯ ಪಾರ್ಕಿನಲ್ಲಿ ಬೆಳಗಿನ ಐದಕ್ಕೆ ದೀಪ ಉರಿಯಲಿ, ಹೆಂಗಸರಿಗೆ ಒಂದು ಪಾಯಖಾನೆ ಇರಲಿ, ಅದರ ಬೀಗದ ಕೈ ಅಲ್ಲೇ ಯಾರ ಹತ್ತಿರವಾದರೂ ಇರಲಿ. ಕತ್ತಲಲ್ಲಿ ನಡೆಯೋಕೆ ಅಂಜಿ ಮನೆಯಲ್ಲೇ ಉಳಿದವರು ನನಗೆ ಗೊತ್ತಿರುವಷ್ಟೇ ಎಷ್ಟೋ ಮಂದಿ.

ಹತ್ತಿರದಲ್ಲಿರುವವರು ಯಾರಾದರೂ ಬರುವುದಾದರೆ ಇನ್‌ಬಾಕ್ಸಿಗೆ ಬನ್ನಿ, ಜಾಗ ಹೇಳ್ತೀನಿ. ಬ್ಯಾಟು ಎರಡು ಜಾಸ್ತಿ ಇವೆ. ಶಟಲ್ ತರಬೇಕು. ಆಪಾ ಪಾಯಿಂಟು ಎಣಿಸುವಾಗ ನೀವೂ ಬೆರಳು ಮಡಚಿ ಎಣಿಸಿಕೊಳ್ಳಬೇಕು.