ಮಾವ, ಎಲ್ಲಾ ಹೋಯ್ತು

ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ಅಕ್ಕನ ಮಗ ಶಿವಮೊಗ್ಗದಿಂದ ಫೋನ್ ಮಾಡ್ದ. ತೀರ್ಥಹಳ್ಳಿ ಕಡೆ ಹಿಡಿದ ಮಳೆ ಬಿಟ್ಟಿಲ್ಲ, ಕರೆಂಟ್ ಸಂಜೆನೇ ಹೋಗಿದೆ, ನೆಟ್‌ವರ್ಕ್ ಬೇಕಂದ್ರೆ ಜಗಲಿ ಕೊನೇ ಕಂಬಕ್ಕೆ ಒರಗಿ ನಿಲ್ಬೇಕು, ಅಲ್ಲಿ ನಿಂತ್ರೆ ಎರಚಲು ಪೂರ್ತಿ ಮೈಮೇಲೆ. "ಮಾವ, ಎಲ್ಲಾ ಹೋಯ್ತು" ಅಂದ. ಎದೆ ಧಸಕ್ ಅಂತು. ಆಮೇಲೆ ಗೊತ್ತಾಯ್ತು, ಹೋಗಿದ್ದು ಫೈನಲ್ ಇಯರ್ ಪ್ರಾಜೆಕ್ಟು.

ಎಂತ ಮಾಡ್ದೆ ಮಾರಾಯ ಅಂದ್ರೆ, ಗಿಟ್‌ನಲ್ಲಿ, ಕೋಡಿನ ಹಳೇ ರೂಪಗಳನ್ನೆಲ್ಲ ಕಾಪಾಡಿಡೋ ಸಾಫ್ಟ್‌ವೇರ್ ಅದು, ಪುಲ್ ಮಾಡಕ್ಕೆ ಅಂದ್ರೆ ಸರ್ವರಿಂದ ಹೊಸ ಬದಲಾವಣೆ ಇಳ್ಸಕ್ಕೆ ಹೋದ್ನಂತೆ, ಗಿಟ್ ಬಿಡ್ಲಿಲ್ಲ, ಎಲ್ಲೋ ನೋಡ್ಕೊಂಡು ಗಿಟ್ ರಿಸೆಟ್ ಹಾರ್ಡ್ ಅನ್ನೋ ಕಮಾಂಡ್ ಹೊಡ್ದಿದಾನೆ. ಐದು ಫೈಲು, ಎರಡು ದಿನದ ಕೆಲಸ, ಕಮಿಟ್ ಇಲ್ಲ, ಅಂದ್ರೆ ಗಿಟ್‌ನಲ್ಲಿ ಪಕ್ಕಾ ದಾಖಲು ಮಾಡಿಲ್ಲ. "ಮ್ಯಾನುಯಲ್ ನೋಡ್ಲಿಲ್ವನಾ?" "ನೋಡಿದೆ ಮಾವ, ಓದಿ ಇನ್ನೂ ಧೈರ್ಯ ಬಂತು."

ನಗಬೇಕೋ ಅಳಬೇಕೋ. ಆದ್ರೆ ಅವ್ನದ್ದು ತಪ್ಪು ಅಂತ ನಂಗನ್ಸಲ್ಲ. ಮ್ಯಾನ್ ಪೇಜಲ್ಲಿ, ಅಂದ್ರೆ ಆ ಕಮಾಂಡಿನ ಮ್ಯಾನುಯಲ್ಲಲ್ಲಿ, ತಪ್ಪೇನಿಲ್ಲ, ಎಲ್ಲಾ ಸರಿಯಾಗೇ ಇದೆ, ಗೊತ್ತಿರೋನಿಗೆ. ಹೆಡ್ (ಈಗ ಯಾವ ಕಮಿಟ್ ಮೇಲಿದೀವಿ ಅನ್ನೋ ಗುರುತು) ಎಲ್ಲಿಗೆ ಹೋಗತ್ತೆ, ಇಂಡೆಕ್ಸ್ (ಮುಂದಿನ ಕಮಿಟ್ಟಿಗೆ ಜೋಡ್ಸಿಟ್ಟಿದ್ದು) ಏನಾಗತ್ತೆ ಅಂತ ಗಿಟ್ ಒಳಗಿಂದ ಕೂತು ಬರ್ದಿದಾರೆ. ಓದೋನು ಹೊರಗೆ ನಿಂತಿದಾನೆ, ಅವ್ನಿಗೆ ಬೇಕಾಗಿರೋದು ನಂದೇನು ಹೋಗತ್ತೆ, ವಾಪಸ್ ಬರತ್ತಾ ಅನ್ನೋದಷ್ಟೇ.

ಅವತ್ತು ಒಂದಷ್ಟು ಬಂತು. ಐದ್ರಲ್ಲಿ ಮೂರು ಫೈಲಿಗೆ ಗಿಟ್ ಆಡ್ ಮಾಡಿದ್ದ, ಮುಂದಿನ ಕಮಿಟ್ಟಿಗೆ ಇದನ್ನ ಸೇರ್ಸು ಅಂತ ಹೇಳೋ ಕಮಾಂಡು. ಆಡ್ ಮಾಡಿದ ಕ್ಷಣಕ್ಕೆ ಗಿಟ್ ಅದರದ್ದೊಂದು ಪ್ರತಿ ಒಳಗಿಟ್ಕೊಂಡಿರತ್ತೆ, ಕಮಿಟ್ ಆಗ್ದಿದ್ರೂನು, ಮಾಮೂಲಿ ಸೆಟ್ಟಿಂಗಲ್ಲಿ 2 ವಾರ ಅಂತೂ ಅದನ್ನ ಗುಡಿಸಿ ಹಾಕಲ್ಲ. ಹಂಗೆ ಒಳಗೆ ದಿಕ್ಕಿಲ್ದೆ ಬಿದ್ದಿರೋದನ್ನ ಹುಡುಕಿ ಕೊಡೋ ಕಮಾಂಡ್ ಒಂದಿದೆ, ಗಿಟ್ ಎಫ್‌ಎಸ್‌ಸಿಕೆ, ಲಾಸ್ಟ್ ಫೌಂಡ್ ಆಪ್ಷನ್ ಅಂತ ಫೋನಲ್ಲೇ ಒಂದೊಂದಕ್ಷರ ಹೇಳಿ ಹೊಡ್ಸಿದೆ. ಹೆಸರಿಲ್ಲದ ಫೈಲುಗಳು ಬಿದ್ವು, ಹೆಸರಿನ ಜಾಗದಲ್ಲಿ 40 ಅಕ್ಷರದ ಹ್ಯಾಶು, ಅಂದ್ರೆ ಗಿಟ್ ತಾನೇ ಲೆಕ್ಕ ಹಾಕಿ ಕೊಡೋ ಗುರುತು, ಒಂದೊಂದೇ ತೆಗ್ದು ನೋಡಿ ಮೂರು ಸಿಕ್ತು. ಆಡ್ ಮಾಡದ ಎರಡಕ್ಕೆ ಎಳ್ಳುನೀರು. ಈಗ ಹೇಳಿ, ಎಫ್‌ಎಸ್‌ಸಿಕೆ ಅನ್ನೋ ಹೆಸರೇ ಕೇಳದ ಹುಡುಗ ಅದರ ಪೇಜು ಯಾಕೆ ತೆಗೀತಾನೆ?

ಅಪ್ಪ ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಔಷಧಿ ಮಾಡೋದು ಕಲಿಸಿದ್ದು ನೆನಪಾಗತ್ತೆ. ಮೈಲುತುತ್ತ 1 ಕೇಜಿ, ಸುಣ್ಣ 1 ಕೇಜಿ, ನೀರು 100 ಲೀಟರ್, ಇದನ್ನ ಯಾರಾದ್ರೂ ಹೇಳ್ತಾರೆ. ಅಪ್ಪ ಬಾಯಿ ತೆಗ್ದಿದ್ದೇ "ಸುಣ್ಣದ ನೀರಿಗೆ ತುತ್ತದ ನೀರು ಹೊಯ್ಯಿ, ಉಲ್ಟಾ ಮಾಡಿದ್ಯೋ ಕೆಟ್ಟೋಯ್ತು. ಕಬ್ಬಿಣದ ಪಾತ್ರೆ ಮುಟ್ಬೇಡ. ಕತ್ತಿ ಅದ್ದಿ ನೋಡು, ಕೆಂಪಗೆ ಹಿಡಿದ್ರೆ ಇನ್ನೊಂಚೂರು ಸುಣ್ಣ ಹಾಕು" ಅಂತ. ತುತ್ತಕ್ಕೂ ಸುಣ್ಣಕ್ಕೂ ಒಳಗೆ ಏನು ನಡೀತದೆ ಅಂತ ಕೇಳಿದ್ರೆ ಬೈತಿದ್ರು, ಅದು ಬೇರೆ ವಿಷ್ಯ.

ಗಿಟ್‌ನವರು ಏನೂ ಮಾಡಿಲ್ಲ ಅಂತಲ್ಲ. ಬ್ರಾಂಚ್, ಅಂದ್ರೆ ಕೋಡಿನ ಕವಲು, ಬದಲಾಯ್ಸಕ್ಕೂ ಚೆಕ್‌ಔಟು, ಫೈಲ್ ಹಳೇ ರೂಪಕ್ಕೆ ತರಕ್ಕೂ ಚೆಕ್‌ಔಟು ಅಂತಿದ್ದ ಗೊಂದಲಕ್ಕೆ 2019ರಲ್ಲಿ, 2.23 ವರ್ಶನ್ನಲ್ಲಿ, ಸ್ವಿಚ್ ಮತ್ತೆ ರಿಸ್ಟೋರ್ ಅಂತ ಎರಡು ಕಮಾಂಡ್ ತಂದ್ರು. ಲಿನಕ್ಸ್ ಮಾಡಿದ ಲೈನಸ್ ಟೊರ್ವಾಲ್ಡ್ಸ್ ಗಿಟ್ ಶುರು ಮಾಡಿದ್ದು 2005ರಲ್ಲಿ, ಅಲ್ಲಿಗೆ 14 ವರ್ಷ ಆಗಿತ್ತು, ಆದ್ರೂ ಇರ್ಲಿ, ಬಂತಲ್ಲ.

ಭಾನುವಾರ ಹುಡುಗ ಊರಿಗೆ ಬಂದಿದ್ದ. ರಿಸೆಟ್‌ದೇ ಮ್ಯಾನ್ ಪೇಜ್ ತೆಗ್ದುಕೊಟ್ಟು ಗಟ್ಟಿಯಾಗಿ ಓದು, ಎಲ್ಲಿ ಅರ್ಥ ಆಗಲ್ವೋ ಅಲ್ಲಿ ನಿಲ್ಸು ಅಂದೆ. ಮೊದಲನೇ ಪ್ಯಾರಾದಲ್ಲೇ ನಿಂತ. "ಇಂಡೆಕ್ಸು, ಸ್ಟೇಜಿಂಗ್ ಏರಿಯಾ, ಆಮೇಲೆ ವ್ಯತ್ಯಾಸ ತೋರ್ಸೋ ಡಿಫ್ ಕಮಾಂಡಿಗೆ ಕ್ಯಾಶ್ಡ್ ಅಂತ ಹಾಕ್ತಾರಲ್ಲ, ಮೂರೂ ಬೇರೆಬೇರೆನಾ ಮಾವ?" ಮೂರೂ ಒಂದೇ, ಆಡ್ ಮಾಡಿದ್ದು ಕಮಿಟ್ ಆಗೋ ತನಕ ಕೂತಿರೋ ಜಾಗ; ಸ್ಟೇಜ್ ಮಾಡೋದು ಅಂದ್ರೂ ಆಡ್ ಮಾಡೋದೇ. ಶುರುವಲ್ಲಿ ಕ್ಯಾಶ್ ಅಂತಿದ್ರು, ಹಳೇ ಹೆಸರು ಅಲ್ಲಲ್ಲಿ ಉಳ್ಕೊಂಡಿದೆ. ನಾನು ಇಷ್ಟು ವರ್ಷ ಬಳಸಿ ಇದು ತೊಡಕು ಅನ್ನೋದೇ ಮರ್ತಿದ್ದೆ. ಬರೆಯೋರದ್ದೂ ಇದೇ ಕಥೆ ಇರ್ಬೇಕು. ಹೊಸಬರ ಪಕ್ಕ ಒಂದು ಗಂಟೆ ಸುಮ್ನೆ ಕೂತ್ರೆ ಸಾಕಿತ್ತು.

ಕೂತಲ್ಲೇ ಪೇಜಿನ ತಲೆಮೇಲೆ ಹಾಕಕ್ಕೆ ಅಂತ ಮೂರು ಸಾಲು ಬರ್ದೆ: "ಇದು ಕಮಿಟ್ ಆಗದ ಬದಲಾವಣೆಗಳನ್ನ ಅಳಿಸತ್ತೆ. ಸ್ಟೇಜ್ ಮಾಡಿದ್ದು ಎಫ್‌ಎಸ್‌ಸಿಕೆಯಿಂದ ಸಿಗಬಹುದು, ಮಾಡದೆ ಇದ್ದಿದ್ದನ್ನ ಗಿಟ್ ವಾಪಸ್ ಕೊಡಲ್ಲ. ಡೌಟಿದ್ರೆ ಮೊದ್ಲು ಸ್ಟ್ಯಾಶ್ ಮಾಡಿ, ಅಂದ್ರೆ ಬದಲಾವಣೆಗಳನ್ನ ಪಕ್ಕಕ್ಕೆ ಎತ್ತಿಡಿ." ಹುಡುಗ ಅವಲಕ್ಕಿ ತಿಂತಾ ಓದಿದ. "ಚೆನ್ನಾಗಿದೆ ಮಾವ, ಆದ್ರೆ ಸ್ಟೇಜ್ ಅನ್ನೋ ಬದ್ಲು ಆಡ್ ಮಾಡಿದ್ದು ಅಂತನೇ ಬರೀರಲ್ಲ."

ಹೊಡ್ದಾಕಿ ಬರ್ದೆ.