ಮೂರು ಸಲ ಒತ್ತಿ ನೋಡುವವರು

ಬಳ್ಳಾರಿಯ ಯಾವ ಗ್ಯಾರೇಜಿಗೆ ಹೋದರೂ ಅಲ್ಲೊಂದು ಹಳೇ ಟೈರು, ಆ ಟೈರಿನ ಮೇಲೊಬ್ಬ ಮನುಷ್ಯ ಇದ್ದೇ ಇರುತ್ತಾನೆ. ಮೇಸ್ತ್ರಿಯಲ್ಲ, ಗಿರಾಕಿಯಲ್ಲ, ಮಾಲೀಕನ ಷಡ್ಡಕನೂ ಅಲ್ಲ. ಕೈಯಲ್ಲಿ ಅರ್ಧ ಚಾ. ಕಾರು ಒಳಗೆ ಬಂದು, ಎಂಜಿನ್ ಆಫ್ ಆಗಿ, 'ಬ್ರೇಕ್ ಸ್ವಲ್ಪ...' ಅಂತ ಬಾಯಿ ತೆರೆಯುವಷ್ಟರಲ್ಲಿ ಈತ ಬಾಗಿಲು ತೆಗೆದು, ಒಂದು ಕಾಲು ಹೊರಗೆ ಒಂದು ಕಾಲು ಒಳಗೆ ಇಟ್ಟು ಪೆಡಲ್ ಒತ್ತುತ್ತಿರುತ್ತಾನೆ. ಒಂದು ಸಲ. ಎರಡು ಸಲ. ಮೂರನೇ ಸಲ ಕಣ್ಣು ಮುಚ್ಚಿಕೊಂಡು, ನಾಡಿ ಹಿಡಿದ ಪಂಡಿತರ ಹಾಗೆ.

"ಮೊದಲು ಸಾಫ್ಟ್ ಇತ್ತಣ್ಣ. ನಾ ಒತ್ತಿದ ಮ್ಯಾಲೆ ಗಟ್ಟಿ ಆತು ನೋಡು. ಆದ್ರೂ ಭರೋಸ ಇಲ್ಲ, ದೊಡ್ಡ ಕ್ಯಾಲಿಪರ್ ಹಾಕ್ಸಿಬಿಡು."

ಕ್ಯಾಲಿಪರ್ ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪಿಸ್ಟನ್ನಿನ ಬಲದಿಂದ ಎರಡು ಪ್ಯಾಡುಗಳ ನಡುವೆ ಅದುಮಿ ಹಿಡಿಯುವ ಇಕ್ಕಳ. ನಿನ್ನೆ ಸಂಜೆಯೂ ಇದೇ ಆಯಿತು. ಪಾಪದ ಒಂದು ಪೋಲೋ ಜಿಟಿ ಕಾರು, ಅದರ ಪಕ್ಕದಲ್ಲಿ ಹೊಸದಾಗಿ ಸಂಬಳ ಎಣಿಸಲು ಶುರುಮಾಡಿದ ಹುಡುಗ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಇಷ್ಟು ಬರೆಯುವುದು.

ಎಂಜಿನ್ ಆಫ್ ಆಗಿರುವ ಯಾವ ಕಾರಿನ ಪೆಡಲ್ಲೂ ಎರಡು-ಮೂರು ಸಲ ಒತ್ತಿದರೆ ಕಲ್ಲಾಗುತ್ತದೆ ಸ್ವಾಮಿ. ಪೆಡಲ್ ಹಿಂದೆ ಬೂಸ್ಟರ್ ಅನ್ನುವ ಕಪ್ಪು ಡಬರಿ ಇದೆ. ಎಂಜಿನ್ ಓಡುವಾಗ ಅದರೊಳಗೆ ವ್ಯಾಕ್ಯೂಮ್ ತುಂಬಿರುತ್ತದೆ, ಅದೇ ನಮ್ಮ ಕಾಲಿಗೆ ಬಲ ಕೊಡುವುದು. ಎಂಜಿನ್ ನಿಂತ ಮೇಲೆ ಉಳಿದ ವ್ಯಾಕ್ಯೂಮ್ ಎರಡು ಒತ್ತಿಗೆ ಖಾಲಿ. ಆಮೇಲೆ ಗಟ್ಟಿಯಾಗದೆ ಇನ್ನೇನಾಗಬೇಕು? ನಿಜವಾಗಿ ಪರೀಕ್ಷೆ ಮಾಡಬೇಕೆಂದರೆ ಪೆಡಲ್ ಗಟ್ಟಿಯಾಗುವವರೆಗೂ ಒತ್ತಿ, ಕಾಲು ತೆಗೆಯದೆ ಎಂಜಿನ್ ಸ್ಟಾರ್ಟ್ ಮಾಡಬೇಕು. ಪೆಡಲ್ ಒಂದಿಷ್ಟು ತಾನಾಗಿ ಕೆಳಗೆ ಇಳಿದರೆ ಬೂಸ್ಟರ್ ಸರಿಯಿದೆ. ಅಲ್ಲಾಡದೆ ಹಾಗೇ ನಿಂತರೆ ಬೂಸ್ಟರ್, ಅದರ ಪೈಪು, ವಾಲ್ವ್ ನೋಡಬೇಕು. ಈ ಪರೀಕ್ಷೆಗೆ ಕೀಲಿ ಬೇಕು, ಟೈರಿನ ಮೇಲಿನವನ ಕೈಗೆ ಕೀಲಿ ಯಾರೂ ಕೊಡುವುದಿಲ್ಲ. ಅಷ್ಟರಮಟ್ಟಿಗೆ ಊರು ಬುದ್ಧಿವಂತವೇ.

ಆ ಹುಡುಗನನ್ನು ಕೇಳಬೇಕಾಗಿದ್ದುದು ಒಂದೇ ಪ್ರಶ್ನೆ: ಬ್ರೇಕ್ ಕೈಕೊಟ್ಟಾಗ ಕಾಲಿಗೆ ಏನನ್ನಿಸಿತು? ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ, ಇಲ್ಲವೇ ಬೂಸ್ಟರ್ ಕೈಕೊಟ್ಟಿದೆ. ಪೆಡಲ್ ಮೆತ್ತಗಾಗಿ ನೆಲಕ್ಕೆ ಇಳಿದರೆ ಬ್ರೇಕ್ ಆಯಿಲ್ ಕುದ್ದು ಗುಳ್ಳೆ ಎದ್ದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಕಾಲಿನ ಕೆಳಗೆ ಕಟಕಟ ಅಂತ ಎಬಿಎಸ್, ಅಂದರೆ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಬಡಿಯಿತೆಂದರೆ ಬ್ರೇಕ್ ತನ್ನ ಕೆಲಸ ಪೂರ್ತಿ ಮಾಡಿದೆ, ರಸ್ತೆ ಹಿಡಿಯಲಾಗದೆ ಸೋತಿದ್ದು ಟೈರು. ಆಗ ಆರು ಪಿಸ್ಟನ್ ಕ್ಯಾಲಿಪರ್ ಹಾಕಿಸಿದರೂ ಅದೇ ಟೈರು, ಅದೇ ದೂರ. ದೊಡ್ಡ ಬ್ರೇಕಿನ ಲಾಭ ಮೊದಲ ಸಲ ನಿಲ್ಲಿಸುವಾಗ ಕಾಣುವುದಿಲ್ಲ, ಏಳನೆಯ ಸಲ, ಎಂಟನೆಯ ಸಲ ಕಾಣುತ್ತದೆ.

ಯಾಕೆಂದರೆ ಬ್ರೇಕ್ ಅಂದರೆ ವೇಗವನ್ನು ಬಿಸಿಯಾಗಿ ಬದಲಿಸುವ ಒಲೆ, ಅಷ್ಟೇ. ಡ್ರೈವರನ್ನೂ ಸೇರಿಸಿ 1,150 ಕೆಜಿ ತೂಗುವ ಕಾರನ್ನು ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲಿಸಿದರೆ ಹುಟ್ಟುವ ಬಿಸಿಯಲ್ಲಿ ಸುಮಾರು ಒಂದೂವರೆ ಲೀಟರ್ ನೀರಿಗೆ ಕುದಿ ಬರಿಸಬಹುದು. ಇಡೀ ಗ್ಯಾರೇಜಿಗೆ ಚಾ, ಟೈರಿನ ಮೇಲಿನವನಿಗೂ ಸೇರಿ. 50ರಲ್ಲಿ ನಿಲ್ಲಿಸಿದರೆ ಅದರ ಕಾಲು ಭಾಗ ಸಾಕು. ವೇಗ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಬಲ ಹೆಚ್ಚಲೆಂದು ಎಂಜಿನ್ನಿನ ಕಂಪ್ಯೂಟರಿಗೆ ರೀಮ್ಯಾಪ್ ಮಾಡಿಸಿ ಬ್ರೇಕ್ ಆಯಿಲ್ ಮರೆಯುವವರು ಈ ಲೆಕ್ಕವನ್ನು ಸಂಡೂರಿನ ಇಳಿಜಾರಿನಲ್ಲಿ ಕಲಿಯುತ್ತಾರೆ.

ಆದ್ದರಿಂದ ಮೊದಲ ಖರ್ಚು ಆಯಿಲ್, ಪೆಡಲಿನ ಒತ್ತನ್ನು ಚಕ್ರಕ್ಕೆ ಮುಟ್ಟಿಸುವುದು ಅದೇ. ಬಾಟಲಿ ಮೇಲೆ ಡಾಟ್ 4 ಎಂಬ ದರ್ಜೆ ಇದ್ದರೆ ಹೊಸದಿರುವಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಕುಡಿದ ಮೇಲೆ 155. ಡಾಟ್ 5.1 ಆದರೆ 260 ಮತ್ತು 180. ನೀರು ಎಲ್ಲಿಂದ ಬಂತು ಅನ್ನಬೇಡಿ. ಅದು ಗಾಳಿಯಲ್ಲಿನ ತೇವವನ್ನು ರಬ್ಬರ್ ಹೋಸ್ ಮೂಲಕವೂ ಹೀರಿಕೊಳ್ಳುವ ಜಾತಿ, ನಮ್ಮ ಒಣ ಬಳ್ಳಾರಿಯಲ್ಲೂ ಬಿಡುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು, ಒಂದು ಲೀಟರ್ ಸಾಕು, ಅರ್ಧ ಟ್ಯಾಂಕ್ ಪೆಟ್ರೋಲಿನಷ್ಟೂ ದುಡ್ಡು ಬೀಳುವುದಿಲ್ಲ. ಡಾಟ್ 5 ಮಾತ್ರ ತರಬೇಡಿ. ಅದು ಸಿಲಿಕೋನಿನದು, 5.1ಕ್ಕೂ ಅದಕ್ಕೂ ನಂಟಿಲ್ಲ, ಬೆರೆಸಬಾರದು. "ನಮ್ಮ ಬಿಸಿಲಿಗೆ ಆಯಿಲ್ ಕುದಿಯುತ್ತೆ" ಎನ್ನುವ ಮಾತೂ ಕೇಳಿಬರುತ್ತದೆ. 42 ಡಿಗ್ರಿಗೆ ಕುದಿಯುವುದು ನಾವು, ಆಯಿಲ್ ಅಲ್ಲ.

ಆಮೇಲೆ ಪ್ಯಾಡ್. ರೇಸ್ ಪ್ಯಾಡ್ ಎಂದು ಹೆಮ್ಮೆಯಿಂದ ತಂದವರಿಗೆ ಒಂದು ಮಾತು: ಅದು ಕಾದ ಮೇಲೆ ಕಚ್ಚುವ ಪ್ಯಾಡ್. ಬೆಳಿಗ್ಗೆ ಮನೆಯಿಂದ ಹೊರಟು ಮೋತಿ ಸರ್ಕಲ್ಲಿನಲ್ಲಿ ಆಟೋ ಎದುರಿಗೆ ತಿರುಗಿದಾಗ ಅದು ಇನ್ನೂ ತಣ್ಣಗಿರುತ್ತದೆ, ಆಟೋದವನು ಬಿಸಿಯಾಗುತ್ತಾನೆ. ಮೇಲಾಗಿ ಕಿರ್ರೆನ್ನುವ ಸದ್ದು, ಡಿಸ್ಕ್ ಸವೆತ. ಬೀದಿಗೆ 'ಫಾಸ್ಟ್ ರೋಡ್' ದರ್ಜೆಯ ಪ್ಯಾಡ್ ಬೇಕಾದಷ್ಟಾಯಿತು. ಹಾಕಿದ ಮೇಲೆ ಪಳಗಿಸಬೇಕು: ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು-ಹತ್ತು ಸಲ, ಆಮೇಲೆ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಓಡಿಸಿ ತಣಿಸಬೇಕು. ಕಾದಿರುವಾಗ ನಿಲ್ಲಿಸಿ ಬ್ರೇಕ್ ಒತ್ತಿ ಹಿಡಿದರೆ ಪ್ಯಾಡಿನ ಮಸಿ ಡಿಸ್ಕಿನ ಒಂದೇ ಜಾಗದಲ್ಲಿ ಅಚ್ಚೊತ್ತುತ್ತದೆ, ಮಾರನೇ ದಿನ ಸ್ಟೀರಿಂಗ್ ನಡುಗುತ್ತದೆ, ಎಲ್ಲರೂ ಸೇರಿ "ಡಿಸ್ಕ್ ಬೆಂಡ್" ಅನ್ನುತ್ತಾರೆ. ಬೆಂಡ್ ಆಗಿರುವುದು ಬಹಳ ಸಲ ಡಿಸ್ಕ್ ಅಲ್ಲ. ಚಕ್ರ ಕೂರುವ ಹಬ್ಬಿನ ಮೇಲಿನ ತುಕ್ಕು ಉಜ್ಜದೆ ಡಿಸ್ಕ್ ಕೂರಿಸಿದರೂ ಇದೇ ಕಥೆ. ನಮ್ಮ ಕಡೆ ತುಕ್ಕಿನ ಮೇಲೆ ಅದಿರಿನ ಕೆಂಪು ಧೂಳು ಬೇರೆ, ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ನಿನ ರಬ್ಬರ್ ಹರಿದಿದ್ದರೆ ಒಳಗೂ ಸೇರಿ ಪಿನ್ ಹಿಡಿದುಕೊಳ್ಳುತ್ತದೆ, ಒಂದು ಪ್ಯಾಡ್ ಸವೆದು ಇನ್ನೊಂದು ಹೊಸದರಂತೆ ಉಳಿಯುತ್ತದೆ. ಅಲ್ಲಿಗೆ ಸಿಲಿಕೋನ್ ಗ್ರೀಸ್ ಬೇಕು. ಕೈಗೆ ಸಿಕ್ಕ ಬೇರಿಂಗ್ ಗ್ರೀಸ್ ಮೆತ್ತಿದರೆ ರಬ್ಬರ್ ಉಬ್ಬುತ್ತದೆ.

ತೂತು ಕೊರೆದ ಡಿಸ್ಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜರಡಿ ಚಂದ ಕಾಣುತ್ತದೆ, ಕಾದು ತಣಿದು ಕಾದು ತಣಿದು ತೂತಿನ ಅಂಚಿನಲ್ಲೇ ಬಿರುಕು ಬಿಡುತ್ತದೆ. ಒಳಗೆ ಗಾಳಿ ಹಾಯುವ, ಒಳ್ಳೆಯ ಕಂಪನಿಯ ಸಾದಾ ವೆಂಟೆಡ್ ಡಿಸ್ಕ್ ಸಾಕು.

ಇಷ್ಟೆಲ್ಲ ಹೇಳಿದರೂ ಆ ಹುಡುಗ ನೋಡುತ್ತಿದ್ದುದು ಗೋಡೆಗೆ ತೂಗುಹಾಕಿದ್ದ ಕೆಂಪು ಕ್ಯಾಲಿಪರ್ ಕವರ್ ಕಡೆಗೆ. ಕವರ್ ಅಂದರೆ ಕವರೇ. ಹಳೇ ಕ್ಯಾಲಿಪರ್ ಮೇಲೆ ಸಿಲಿಕೋನ್ ಅಂಟಿನಿಂದ ಅಂಟಿಸುವ ಟೊಪ್ಪಿಗೆ, ಮೇಲೆ ಇಟಲಿಯ ಬ್ರೇಕ್ ಕಂಪನಿಯ ಹೆಸರು, ಅಕ್ಷರ ಒಂದು ಕಡಿಮೆ. ಅದು ಬಿಸಿ ಹೊರಹೋಗದಂತೆ ಹೊದಿಕೆ ಹೊದಿಸುತ್ತದೆ, ಅಂಟು ಬಿಟ್ಟರೆ ಅಲಾಯ್ ಚಕ್ರದ ಒಳಗೆ ಉಜ್ಜುತ್ತದೆ. "ಕಾಣ್ಬೇಕಲ್ಲಣ್ಣ," ಅಂದ ಟೈರಿನ ಮೇಲಿನವನು. ಇಡೀ ಸಮಸ್ಯೆ ಅದೇ. ಆಯಿಲ್ ಕಾಣುವುದಿಲ್ಲ.

ನಿಜವಾದ ದೊಡ್ಡ ಬ್ರೇಕ್ ಕಿಟ್ ಹಾಕಿಸುವವರೂ ಇದ್ದಾರೆ. ಹಾಕಿಸಲಿ, ಆದರೆ ಅಳತೆ ಮಾಡಿ. ಕಿಟ್ಟಿನವರು ಕೊಡುವ ನಕ್ಷೆಯನ್ನು ರಟ್ಟಿನ ಮೇಲೆ ಅಂಟಿಸಿ ಕತ್ತರಿಸಿ ಚಕ್ರದೊಳಗೆ ತಿರುಗಿಸಿ ನೋಡಬೇಕು. ಕ್ಯಾಲಿಪರಿಗೂ ಚಕ್ರದ ಕಡ್ಡಿಗೂ ಮೂರು ಮಿಲಿಮೀಟರಾದರೂ ಜಾಗ ಬೇಕು. ಪಿಸ್ಟನ್ ದೊಡ್ಡದಾದರೆ ಹಳೇ ಮಾಸ್ಟರ್ ಸಿಲಿಂಡರ್ ಅಷ್ಟು ಆಯಿಲ್ ತಳ್ಳಲು ಪೆಡಲ್ ಇನ್ನಷ್ಟು ಕೆಳಗೆ ಹೋಗಬೇಕು. ಪೋಲೋದಂತೆ ಹಿಂದೆ ಡಿಸ್ಕ್ ಬದಲು ಡ್ರಮ್ ಬ್ರೇಕ್ ಇರುವ ಕಾರಿಗೆ ಮುಂದೆ ಮಾತ್ರ ಬಲ ಹೆಚ್ಚಿಸಿದರೆ ಮುಂದಿನ ಟೈರು ಬೇಗ ಸೋತು, ಹಿಂದಿನವು ಪುಕ್ಕಟೆ ಸವಾರಿ ಮಾಡುತ್ತವೆ, ನಿಲ್ಲುವ ದೂರ ಹೆಚ್ಚಾಗಲೂಬಹುದು.

ಇಂಥದೇ ಒಂದು ಕಿಟ್ಟಿಗೆ ಗ್ಯಾರೇಜೊಂದರಲ್ಲಿ ಬ್ರೇಕ್ ಆಯಿಲಿನಿಂದ ಏರ್ ತೆಗೆಯುವ ಯಜ್ಞ ನಡೆದಿತ್ತು. ಒಬ್ಬ ಪೆಡಲ್ ಮೇಲೆ, ಒಬ್ಬ ಕ್ಯಾಲಿಪರಿನಿಂದ ಗಾಳಿ ಹೊರಬಿಡುವ ನಿಪ್ಪಲ್ ಹತ್ತಿರ. "ಒತ್ತು... ಹಿಡಿ... ಬಿಡು." ಎರಡು ತಾಸು, ಮೂರು ಬಾಟಲಿ. ಪೆಡಲ್ ಮಾತ್ರ ಹಸಿ ಹಿಟ್ಟು. ಟೈರಿನ ಮೇಲಿನವನ ತೀರ್ಪು: "ಎಣ್ಣಿ ಚಲೋ ಇಲ್ಲ, ಬ್ಯಾರೆ ಕಂಪನೀದು ತರ್ರಿ." ನಾಲ್ಕನೆಯ ಬಾಟಲಿ ಬಂತು. ಚಾ ಬಂತು. ಒಗ್ಗರಣೆ-ಮಿರ್ಚಿ ಬಂತು. ಮಿರ್ಚಿ ಸುತ್ತಿದ ಕಾಗದ ಎಸೆಯಲು ಬಗ್ಗಿದ ಪುಟ್ಟ ಹೆಲ್ಪರ್ ಕೇಳಿದ: "ಮಾಮ, ಈ ನಿಪ್ಪಲ್ ಯಾಕ ಕೆಳಗ ನೋಡಾಕತ್ತೈತಿ?" ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂತಿತ್ತು. ಬೋಲ್ಟು ಎರಡೂ ಕಡೆ ಸರಿಯಾಗಿ ಹೊಂದುತ್ತವೆ, ಅದೇ ಮೋಸ. ಗಾಳಿ ಮೇಲೆ ಹೋಗುತ್ತದೆ, ನಿಪ್ಪಲ್ ಕೆಳಗಿದ್ದರೆ ಯುಗಾದಿವರೆಗೆ ಪಂಪ್ ಮಾಡಿದರೂ ಗುಳ್ಳೆ ಅಲ್ಲೇ. ಯಾರೂ ಮಾತಾಡಲಿಲ್ಲ. ಟೈರಿನ ಮೇಲಿನವನು ಮಾತ್ರ, "ನಾ ಆಗ್ಲೇ ಹೇಳ್ಬೇಕಂತಿದ್ದೆ," ಅಂದ.

ಸಂಡೂರಿನ ಕಡೆ ಹಳೇ ಅಂಬಾಸಿಡರ್ ಓಡಿಸುತ್ತಿದ್ದ ಡ್ರೈವರುಗಳಿದ್ದರು. ನಾಲ್ಕೂ ಚಕ್ರಕ್ಕೆ ಡ್ರಮ್, ಎಬಿಎಸ್ ಇಲ್ಲ, ಹಿಂದೆ ಎಂಟು ಜನ, ಡಿಕ್ಕಿಯಲ್ಲಿ ಮದುವೆ ಸಾಮಾನು. ಹತ್ತಿದ ಗೇರಿನಲ್ಲೇ ಇಳಿಯುತ್ತಿದ್ದರು, ಎಂಜಿನ್ ಗೊಣಗಿಕೊಂಡೇ ಗಾಡಿ ಹಿಡಿಯುತ್ತಿತ್ತು. ಕೆಳಗೆ ಬಂದು ನಿಲ್ಲಿಸಿ ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ಬಿಸಿ ನೋಡುತ್ತಿದ್ದರು, ಮುಟ್ಟದೆ. ಆ ಅಂಗೈ ಎಲ್ಲೂ ಮಾರಾಟಕ್ಕಿಲ್ಲ.

ನಿನ್ನೆಯ ಹುಡುಗ ಕೊನೆಗೆ ಒಂದು ಲೀಟರ್ ಡಾಟ್ 4 ಹಾಕಿಸಿಕೊಂಡ. ದೂರದ ಹಿಂದಿನ ಚಕ್ರದಿಂದ ಶುರುಮಾಡಿ ನಾಲ್ಕೂ ಚಕ್ರದಲ್ಲಿ ಹೊಸ ಬಣ್ಣ ಬರುವವರೆಗೆ ತೆಗೆದರು, ಮೇಲಿನ ಆಯಿಲ್ ಡಬ್ಬಿ ಒಣಗಲು ಬಿಡಲಿಲ್ಲ. ಹೊರಬಂದ ಹಳೇ ಆಯಿಲ್ ಕಡು ಕಾಫಿಯ ಬಣ್ಣ. ಕೆಂಪು ಕವರನ್ನೂ ಒಂದು ಜೊತೆ ಕಟ್ಟಿಸಿಕೊಂಡ, ಅದನ್ನು ತಡೆಯಲಾಗಲಿಲ್ಲ. ಎಂಜಿನ್ ಇನ್ನೂ ಸ್ಟಾರ್ಟ್ ಆಗಿರಲಿಲ್ಲ, ಅಷ್ಟರಲ್ಲಿ ಚಾ ಲೋಟ ನೆಲಕ್ಕಿಟ್ಟ ಸದ್ದು ಕೇಳಿಸಿತು.

"ತಡಿ ತಡಿ, ಒಂದ್ಸಲ ಒತ್ತಿ ನೋಡ್ತೀನಿ."